‘ನಾನು ಮಾಡಿಲ್ಲ, ನೀವು ಮಾಡಿದ್ದು’: ಕಾರ್ತೇಜಿನ ಎರಡು ಚೀಟಿಗಳ ಪ್ರಕರಣ

ಬೋನಾ ಎಂಬ ಕ್ರೈಸ್ತ ಹೆಂಗಸನ್ನು ರೋಮನ್ ದೇವರುಗಳ ಬಲಿಪೀಠದ ಮುಂದೆ ಎಳೆದುಕೊಂಡು ಹೋದವನು ಅವಳ ಗಂಡನೇ. ಕ್ರಿ.ಶ. 250ನೇ ಇಸವಿ. ಜಾಗ ರೋಮನ್ ಆಫ್ರಿಕಾ, ಅಂದರೆ ಈಗಿನ ಟ್ಯುನೀಷಿಯಾದ ಕಡೆ. ಅವಳು ಕೈ ಮುಂದೆ ಮಾಡಲಿಲ್ಲ. ಸುತ್ತ ನಿಂತವರು ಅವಳ ಕೈ ಹಿಡಿದುಕೊಂಡರು. ಹಿಡಿದ ಕೈಯಿಂದಲೇ ಶಾಸ್ತ್ರ ಮುಗಿಸಿದರು. ಆಗ ಅವಳು ಕೂಗಿದಳು: ‘ನಾನು ಮಾಡಿಲ್ಲ, ನೀವು ಮಾಡಿದ್ದು!’

ಸುಮ್ನೆ ಇದ್ದಿದ್ದರೆ ಸಂಜೆ ಹೊತ್ತಿಗೆ ಮನೆಯಲ್ಲಿರುತ್ತಿದ್ದಳು. ಕೂಗಿದ್ದಕ್ಕೆ ಗಡೀಪಾರಾಯಿತು.

ಈ ಸಂಗತಿ ಕಾಲ್ಡೋನಿಯಸ್ ಎಂಬ ಬಿಷಪ್ ಬರೆದ ಒಂದು ಸಣ್ಣ ಪತ್ರದಲ್ಲಿದೆ. ಅದನ್ನು ಅವನು ಬರೆದದ್ದು ಆ ಸೀಮೆಯ ಮುಖ್ಯ ನಗರವಾದ ಕಾರ್ತೇಜಿನ ಬಿಷಪ್ ಸಿಪ್ರಿಯನ್‌ಗೆ. ಫೆಲಿಕ್ಸ್, ವಿಕ್ಟೋರಿಯಾ, ಲೂಸಿಯಸ್ ಎಂಬ ಇನ್ನೂ ಮೂವರ ಹೆಸರು ಅದರಲ್ಲಿದೆ. ಇವರು ಮೊದಲ ಸಲ ಹೆದರಿ ಬಲಿ ಕೊಟ್ಟುಬಿಟ್ಟರು. ಎರಡನೇ ಸಲ ಕರೆದಾಗ ಆಗಲ್ಲ ಎಂದರು, ಆಸ್ತಿಪಾಸ್ತಿ ಕಳೆದುಕೊಂಡು ಗಡೀಪಾರಾದರು. ಕಾಲ್ಡೋನಿಯಸ್ ಕೇಳುವುದು ಇಷ್ಟೇ: ಇವರು ಈಗ ನಮ್ಮವರೋ ಅಲ್ಲವೋ? ನನಗೇನೋ ಹೌದು ಅನ್ನಿಸುತ್ತದೆ, ನೀವೇನು ಹೇಳುತ್ತೀರಿ?

ಆ ಪತ್ರದಲ್ಲಿ ಇಲ್ಲದ ಪ್ರಶ್ನೆಯೊಂದಿದೆ. ಇವರಿಗೆ ದೇವರಿದ್ದಾನೆ ಎಂಬ ನಂಬಿಕೆ ಇದೆಯೋ ಇಲ್ಲವೋ ಎಂದು ಅವನು ಕೇಳುವುದಿಲ್ಲ. ಅದು ಅಲ್ಲಿ ಯಾರಿಗೂ ಪ್ರಶ್ನೆಯೇ ಆಗಿರಲಿಲ್ಲ. ಮೊದಲ ಶತಮಾನಗಳ ಕ್ರೈಸ್ತರು ‘ನಂಬಿಕೆ’ ಎಂದಾಗ ಏನು ಹೇಳುತ್ತಿದ್ದರು ಎನ್ನುವುದು ನನಗೆ ಯಾವ ಸಿದ್ಧಾಂತದ ಚರ್ಚೆಯಲ್ಲೂ ಇಷ್ಟು ಚೆನ್ನಾಗಿ ಕಂಡಿಲ್ಲ. ಹಾಗಾಗಿ ಈ ಒಂದು ಪ್ರಕರಣವನ್ನೇ ಬಿಡಿಸಿ ನೋಡೋಣ.

ಮೊದಲು ಆ ಪದದ ವಿಷಯ

ಗ್ರೀಕಿನಲ್ಲಿ ಪದ ‘ಪಿಸ್ಟಿಸ್’. ಲ್ಯಾಟಿನ್‌ನಲ್ಲಿ ‘ಫಿದೇಸ್’. ನಮ್ಮಲ್ಲಿ ಕ್ಯಾಥೊಲಿಕರು ಹೆಚ್ಚಾಗಿ ‘ವಿಶ್ವಾಸ’ ಎನ್ನುತ್ತಾರೆ, ಪ್ರೊಟೆಸ್ಟೆಂಟರ ಹಳೆಯ ಕನ್ನಡ ಬೈಬಲಿನಲ್ಲಿ ‘ನಂಬಿಕೆ’ ಎಂದಿದೆ. ಅದೇ ಬೈಬಲಿನಲ್ಲಿ ‘ನಂಬಿಗಸ್ತ’ ಅನ್ನುವ ಪದವೂ ಉಂಟು. ಮೂಲ ಅರ್ಥಕ್ಕೆ ತೀರಾ ಹತ್ತಿರ ಇರುವುದು ಈ ಮೂರನೆಯದೇ. ನಂಬುವವನು, ನಂಬಬಹುದಾದವನು ಎಂಬ ಎರಡೂ ಅರ್ಥ ಗ್ರೀಕಿನ ‘ಪಿಸ್ಟೋಸ್’ ಎಂಬ ಒಂದೇ ಪದದಲ್ಲಿ ಕೂತಿವೆ.

ಫಿದೇಸ್ ಅಂತೂ ಅಪ್ಪಟ ವ್ಯವಹಾರದ ಪದ. ಕಿರಾಣಿ ಅಂಗಡಿಯವನು ಒಬ್ಬರಿಗೆ ಉದ್ರಿ ಬರೆದುಕೊಳ್ಳುತ್ತಾನೆ, ಇನ್ನೊಬ್ಬರಿಗೆ ‘ಇಂದು ನಗದು’ ಬೋರ್ಡು ತೋರಿಸುತ್ತಾನಲ್ಲ, ಆ ವ್ಯತ್ಯಾಸದ ಹೆಸರೇ ಫಿದೇಸ್. ಕೊಟ್ಟ ಮಾತು, ಒಪ್ಪಂದ, ಸೈನಿಕನ ನಿಷ್ಠೆ, ಸಾಲಗಾರನ ಮರ್ಯಾದೆ ಎಲ್ಲವೂ ಅದರಲ್ಲೇ ಬರುತ್ತಿತ್ತು. ರೋಮ್‌ನಲ್ಲಿ ಫಿದೇಸ್ ಎಂಬ ದೇವತೆಯೇ ಇದ್ದಳು, ಕ್ಯಾಪಿಟಲ್ ಗುಡ್ಡದ ಮೇಲೆ ಅವಳಿಗೊಂದು ಗುಡಿಯಿತ್ತು. ಅವಳ ಪೂಜೆ ಮಾಡುವ ಪುರೋಹಿತರು ಕೈಯನ್ನು ಬೆರಳುಗಳವರೆಗೂ ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತಿದ್ದರು. ನಂಬಿಕೆ ವಾಸ ಮಾಡುವುದು ಬಲಗೈಯಲ್ಲಿ ಎಂಬುದು ರೋಮನ್ನರ ಎಣಿಕೆ. ಇದನ್ನು ತಿಳಿದುಕೊಂಡು ಬೋನಾಳ ಕೈ ಹಿಡಿದ ದೃಶ್ಯವನ್ನು ಇನ್ನೊಮ್ಮೆ ನೋಡಿ.

ಕ್ರೈಸ್ತರು ಈ ಪದವನ್ನು ಬೇರೆಲ್ಲಿಂದಲೋ ತರಲಿಲ್ಲ. ಸುಮಾರು 112ರಲ್ಲಿ, ಈಗಿನ ಟರ್ಕಿಯ ಉತ್ತರ ಭಾಗದಲ್ಲಿದ್ದ ಬಿಥಿನಿಯಾ ಪ್ರಾಂತ್ಯದ ಅಧಿಕಾರಿ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಕ್ರೈಸ್ತರ ಬಗ್ಗೆ ಒಂದು ವರದಿ ಕಳಿಸಿದ. ಇವರು ಬೆಳಗಾಗುವ ಮೊದಲೇ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಆಮೇಲೆ ಒಂದು ಪ್ರಮಾಣ ಮಾಡುತ್ತಾರಂತೆ. ಏನೆಂದು? ಕದಿಯುವುದಿಲ್ಲ, ದೋಚುವುದಿಲ್ಲ, ಹಾದರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ಯಾರಾದರೂ ನಂಬಿ ಇಟ್ಟ ಹಣವನ್ನು ಕೇಳಿದಾಗ ಇಲ್ಲ ಅನ್ನುವುದಿಲ್ಲ. ‘ಮಾತಿಗೆ ತಪ್ಪುವುದಿಲ್ಲ’ ಎನ್ನುವ ಕಡೆ ಪ್ಲಿನಿ ಬಳಸಿದ ಪದ ಫಿದೇಸ್. ಚಾಡಿಕೋರರು, ಚಿತ್ರಹಿಂಸೆ ಎಲ್ಲ ಆದಮೇಲೆ ರೋಮನ್ ಅಧಿಕಾರಿಯ ಕೈಗೆ ಸಿಕ್ಕ ರಹಸ್ಯ ಇಷ್ಟು: ಇವರು ಠೇವಣಿ ವಾಪಸ್ ಕೊಡುತ್ತಾರೆ!

ತಲೆಯೊಳಗಿನ ಒಪ್ಪಿಗೆಯೊಂದೇ ಸಾಲದು ಎಂಬ ಮಾತು ಬೈಬಲಿನ ಹೊಸ ಒಡಂಬಡಿಕೆಯಲ್ಲೇ ಇದೆ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಎಂದು ಯಾಕೋಬನ ಪತ್ರ ಹೇಳುತ್ತದೆ.

ಮೊದಲನೇ ಚೀಟಿ

249ರಲ್ಲಿ ಡೇಸಿಯಸ್ ಚಕ್ರವರ್ತಿಯಾದ. ಗಡಿಯಲ್ಲಿ ಗೋಥರೆಂಬ ಜರ್ಮನ್ ಬುಡಕಟ್ಟಿನವರ ಕಾಟ, ಒಳಗೆ ಸಿಂಹಾಸನಕ್ಕೆ ಪೈಪೋಟಿ. ದೇವರುಗಳು ಮುನಿದಿದ್ದಾರೆ, ಇಡೀ ಸಾಮ್ರಾಜ್ಯ ಒಟ್ಟಾಗಿ ಪೂಜೆ ಸಲ್ಲಿಸಲಿ ಎಂದು ಆಜ್ಞೆ ಹೊರಡಿಸಿದ. ಪ್ರತಿಯೊಬ್ಬರೂ ಊರಿನ ಸಮಿತಿಯ ಮುಂದೆ ಬಂದು ಬಲಿ ಅರ್ಪಿಸಬೇಕು, ಮದ್ಯದ ಧಾರೆ ಎರೆಯಬೇಕು, ಪ್ರಸಾದ ತಿನ್ನಬೇಕು. ಮಾಡಿದವರಿಗೆ ಒಂದು ಚೀಟಿ. ಲ್ಯಾಟಿನ್‌ನಲ್ಲಿ ಅದರ ಹೆಸರು ‘ಲಿಬೆಲ್ಲುಸ್’.

ಈ ಚೀಟಿಗಳು ಬರೀ ಕತೆಯಲ್ಲ. ಈಜಿಪ್ಟಿನ ಒಣ ಮರಳಿನಲ್ಲಿ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಎಲ್ಲವೂ 250ರ ಜೂನ್, ಜುಲೈ ತಿಂಗಳವು. 1893ರಲ್ಲಿ ಮೊದಲು ಪ್ರಕಟವಾದ ಚೀಟಿ ಅಲೆಕ್ಸಾಂಡರ್ ದ್ವೀಪ ಎಂಬ ಹಳ್ಳಿಯ ಔರೇಲಿಯಸ್ ಡಿಯೋಜೆನೀಸ್‌ನದು. ವಯಸ್ಸು 72. ಗುರುತು: ಬಲ ಹುಬ್ಬಿನ ಮೇಲೆ ಗಾಯದ ಕಲೆ. ನಾನು ಯಾವಾಗಲೂ ದೇವರುಗಳಿಗೆ ಬಲಿ ಕೊಡುತ್ತ ಬಂದಿದ್ದೇನೆ, ಈಗ ನಿಮ್ಮ ಕಣ್ಣೆದುರೇ ಕೊಟ್ಟು, ಧಾರೆ ಎರೆದು, ಪ್ರಸಾದದ ರುಚಿ ನೋಡಿದ್ದೇನೆ, ದಯವಿಟ್ಟು ಇದನ್ನು ದೃಢೀಕರಿಸಿ ಎಂದು ಬರೆದುಕೊಂಡಿದ್ದಾನೆ. ಕೆಳಗೆ ಬೇರೆಯವರ ಅಕ್ಷರದಲ್ಲಿ: ನೀನು ಮತ್ತು ನಿನ್ನ ಮಗ ಬಲಿ ಕೊಟ್ಟದ್ದನ್ನು ನೋಡಿದೆ. ಸಹಿ. ತಾರೀಖು ನಮ್ಮ ಲೆಕ್ಕದಲ್ಲಿ ಜೂನ್ 26.

ತಾಲ್ಲೂಕು ಕಚೇರಿಯ ಅರ್ಜಿಯ ಹಾಗೇ ಇದೆ, ಅಲ್ವಾ? ವಯಸ್ಸು, ಗುರುತಿನ ಚಿಹ್ನೆ, ‘ದಯವಿಟ್ಟು ದೃಢೀಕರಿಸಿ’. ಇನ್ನೊಂದು ಚೀಟಿಯನ್ನು ನೋಡಿದರೆ ನಗು ಬರುತ್ತದೆ. ಅದರ ಒಡತಿ ಪೆಟೆಸೂಕೋಸ್ ಎಂಬ ಮೊಸಳೆ ದೇವರ ಪೂಜಾರಿಣಿ! ಅವಳೂ ಸಾಲಿನಲ್ಲಿ ನಿಂತು, ನಾನು ದೇವರನ್ನು ಪೂಜಿಸುತ್ತೇನೆ ಎಂದು ಬರೆಸಿಕೊಳ್ಳಬೇಕಾಯಿತು. ಅಂದರೆ ಚೀಟಿ ಕ್ರೈಸ್ತರನ್ನು ಹಿಡಿಯಲೆಂದೇ ಹೆಣೆದ ಬಲೆಯಲ್ಲ. ಅದು ಎಲ್ಲರಿಗೂ ಇತ್ತು. ಆದರೆ ಎಲ್ಲರಿಗೂ ಎಂದ ಮೇಲೆ ಕ್ರೈಸ್ತರಿಗೆ ಅಡಗಲು ಜಾಗ ಉಳಿಯಲಿಲ್ಲ.

ಇಲ್ಲಿ ಒಂದು ಮಾತು ಗಮನಿಸಬೇಕು. ರೋಮ್ ಸರ್ಕಾರಕ್ಕೂ ತಲೆಯೊಳಗೆ ಏನಿದೆ ಎಂಬುದು ಬೇಕಿರಲಿಲ್ಲ. ಒಳಗೆ ಏನಾದರೂ ನಂಬಿಕೋ, ಕೈ ಮುಂದೆ ಮಾಡು ಸಾಕು. ಕ್ರೈಸ್ತರು ಇದಕ್ಕೆ, ಸರಿ, ಕೈ ಮಾಡಿದ್ದು ಮನಸ್ಸಿಗೆ ಅಂಟುವುದಿಲ್ಲ ಎಂದುಬಿಟ್ಟಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು. ಅವರು ಹಾಗೆ ಅನ್ನಲಿಲ್ಲ. ಕೈ ಮಾಡಿದ್ದು ಲೆಕ್ಕಕ್ಕೆ ಬರುತ್ತದೆ ಎಂಬ ವಿಷಯದಲ್ಲಿ ಸರ್ಕಾರಕ್ಕೂ ಸಭೆಗೂ, ಅಂದರೆ ಕ್ರೈಸ್ತ ಸಮುದಾಯಕ್ಕೂ, ಪೂರ್ತಿ ಒಮ್ಮತವಿತ್ತು.

ಬಿದ್ದವರು

ಕಾರ್ತೇಜಿನಲ್ಲಿ ನಡೆದದ್ದನ್ನು ಸಿಪ್ರಿಯನ್ ಮರುವರ್ಷ ‘ಬಿದ್ದವರ ಬಗ್ಗೆ’, ಅಂದರೆ ಹೆದರಿ ಜಾರಿದವರ ಬಗ್ಗೆ, ಎಂಬ ಬರಹದಲ್ಲಿ ದಾಖಲಿಸಿದ್ದಾನೆ. ಓದಿದರೆ ಹೊಟ್ಟೆ ಕಿವುಚುತ್ತದೆ. ಜನ ಬಂಧನದವರೆಗೂ ಕಾಯಲಿಲ್ಲ. ತಾವಾಗಿಯೇ ಚೌಕಕ್ಕೆ ಓಡಿದರು. ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೆ, ಬೇಡ, ಇವತ್ತೇ ಮುಗಿಸಿಬಿಡಿ ಎಂದು ಅಂಗಲಾಚಿದರು. ಕೂಸುಗಳನ್ನು ಎತ್ತಿಕೊಂಡು ಬಂದರು. ಆ ಕೂಸುಗಳು ಕೊನೆಯ ತೀರ್ಪಿನ ದಿನ ಏನು ಹೇಳಬಹುದು ಎಂದು ಸಿಪ್ರಿಯನ್ ಊಹಿಸುತ್ತಾನೆ: ನಾವೇನೂ ಮಾಡಲಿಲ್ಲ, ಬೇರೆಯವರ ‘ಪೆರ್ಫಿದಿಯಾ’ ನಮ್ಮನ್ನು ಹಾಳು ಮಾಡಿತು.

ಈ ಪದದಲ್ಲಿ ಇಡೀ ಪ್ರಕರಣದ ಬೀಗದಕೈ ಇದೆ ಎಂದು ನನ್ನ ಲೆಕ್ಕ. ಫಿದೇಸ್ ಮುರಿದರೆ ಪೆರ್ಫಿದಿಯಾ. ಇವತ್ತು ನಂಬಿಕೆಯ ವಿರುದ್ಧ ಪದ ಹೇಳಿ ಎಂದರೆ ಹೆಚ್ಚಿನವರು ‘ಅನುಮಾನ’ ಎಂದಾರು, ‘ನಾಸ್ತಿಕತೆ’ ಎಂದಾರು. ಸಿಪ್ರಿಯನ್‌ಗೆ ಅದು ‘ದ್ರೋಹ’. ಕನ್ನಡಕ್ಕೆ ಇದು ಹೊಸ ವಿಷಯವೇನಲ್ಲ. ನಾವೂ ‘ನಂಬಿಕೆದ್ರೋಹ’, ‘ವಿಶ್ವಾಸದ್ರೋಹ’ ಅಂತಲೇ ಅನ್ನುತ್ತೇವೆ. ಅನುಮಾನ ಪಟ್ಟವನನ್ನು ಯಾರೂ ಹಾಗೆ ಬೈಯುವುದಿಲ್ಲ.

ಬಿದ್ದವರಲ್ಲೂ ತರಹೇವಾರಿ ಜನ. ಬಲಿಯನ್ನೇ ಕೊಟ್ಟವರು ಒಂದು ಗುಂಪು. ಬರೀ ಧೂಪ ಹಾಕಿದವರು ಇನ್ನೊಂದು. ಮೂರನೆಯವರದು ಸ್ವಾರಸ್ಯದ ವಿಷಯ: ಅವರು ಏನೂ ಮಾಡಲಿಲ್ಲ, ದುಡ್ಡು ಕೊಟ್ಟು ಚೀಟಿ ಕೊಂಡರು. ಅವರ ವಾದವನ್ನು ಸಿಪ್ರಿಯನ್ ಒಂದು ಪತ್ರದಲ್ಲಿ ಅವರ ಬಾಯಿಂದಲೇ ಹೇಳಿಸುತ್ತಾನೆ. ವಿಗ್ರಹಗಳಿಗೆ ಬಲಿ ಕೊಡಬಾರದು ಅಂತ ಬಿಷಪರ ಉಪದೇಶ ಕೇಳಿ ಗೊತ್ತಿತ್ತು. ಅದಕ್ಕೇ ಅಧಿಕಾರಿಯ ಹತ್ತಿರ ಹೋಗಿ, ಅಥವಾ ಬೇರೆಯವರನ್ನು ಕಳಿಸಿ, ನಾನು ಕ್ರೈಸ್ತ, ಬಲಿ ಕೊಡಲು ನನಗೆ ಬರುವುದಿಲ್ಲ, ಅದನ್ನು ಮಾಡದೇ ಇರಲು ಇಗೋ ದುಡ್ಡು ಎಂದೆ. ಇದರಲ್ಲಿ ತಪ್ಪೇನು?

ಪೂರ್ತಿ ತಳ್ಳಿಹಾಕುವ ವಾದವಲ್ಲ ಇದು. ಲಂಚ ಕೊಟ್ಟವನು ಅಧಿಕಾರಿಯ ಮುಂದೆ ‘ನಾನು ಕ್ರೈಸ್ತ’ ಎಂದು ಹೇಳಿದ್ದಾನೆ ನೋಡಿ! ಕೈ ಚೊಕ್ಕಟವಾಗಿದೆ. ಆದರೆ ಅವನ ಹೆಸರು ‘ಇವನು ಬಲಿ ಕೊಟ್ಟ’ ಎಂಬ ಕಾಗದದ ಮೇಲಿದೆ. ಮಾಡದ ಕೆಲಸದ ರಸೀದಿ ಅವನ ಜೇಬಿನಲ್ಲಿದೆ. ಬೋನಾಳ ಕೇಸಿಗೆ ಇದು ತೀರಾ ಉಲ್ಟಾ. ಅವಳ ಕೈ ಮಾಡಿತು, ಬಾಯಿ ಒಪ್ಪಲಿಲ್ಲ. ಇವನ ಕೈ ಮಾಡಲಿಲ್ಲ, ಕಾಗದ ಒಪ್ಪಿಕೊಂಡಿತು.

ಇಷ್ಟಕ್ಕೆ ಅಷ್ಟೊಂದು ರಾದ್ಧಾಂತ ಯಾಕೆ ಎಂದರೆ, ಆ ಸಭೆ ನಿಂತಿದ್ದೇ ಪರಸ್ಪರ ಭರವಸೆಯ ಮೇಲೆ. ಕಾನೂನಿನ ರಕ್ಷಣೆ ಇಲ್ಲ. ಮನೆಮನೆಯಲ್ಲಿ ಕೂಟ. ಯಾರೋ ಒಬ್ಬ ಬಾಯಿಬಿಟ್ಟರೆ ಎಲ್ಲರೂ ಸಿಕ್ಕಿಬೀಳುತ್ತಾರೆ. ದುಡ್ಡೂ ಅದೇ ದಾರಿಯಲ್ಲಿ ಓಡಾಡುತ್ತಿತ್ತು. ರೋಮ್‌ನ ಬಿಷಪ್ ಕೊರ್ನೇಲಿಯಸ್ ಈ ಕಾಲದಲ್ಲೇ ಬರೆದ ಲೆಕ್ಕದ ಪ್ರಕಾರ ಅಲ್ಲಿನ ಸಭೆ 1500ಕ್ಕೂ ಹೆಚ್ಚು ವಿಧವೆಯರನ್ನೂ ನಿರ್ಗತಿಕರನ್ನೂ ಸಾಕುತ್ತಿತ್ತು. ಮುಂದೆ ಪಕ್ಕದ ನುಮಿಡಿಯಾ ಸೀಮೆಯಲ್ಲಿ ದಾಳಿಕೋರರು ಕ್ರೈಸ್ತರನ್ನು ಹಿಡಿದೊಯ್ದಾಗ ಬಿಡಿಸಿಕೊಳ್ಳಲು ಕಾರ್ತೇಜಿನವರು ಒಂದು ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ) ಚಂದಾ ಎತ್ತಿ ಕಳಿಸಿದರು. ಫಿದೇಸ್ ಇಲ್ಲದಿದ್ದರೆ ಈ ಗಡಿಗೆಯಲ್ಲಿ ಒಂದು ಹನಿಯೂ ನಿಲ್ಲುತ್ತಿರಲಿಲ್ಲ.

ಅವಿತುಕೊಂಡ ಬಿಷಪ್

ಇನ್ನೊಂದು ತೊಡಕಿತ್ತು. ಬಿದ್ದವರ ಬಗ್ಗೆ ತೀರ್ಪು ಕೊಡಬೇಕಾದ ಸಿಪ್ರಿಯನ್ ತಾನೇ ಊರಲ್ಲಿರಲಿಲ್ಲ!

ಅವನು ಮೂಲತಃ ಮಾತುಗಾರಿಕೆ ಕಲಿಸುತ್ತಿದ್ದ ಮೇಷ್ಟ್ರು, ಅನುಕೂಲಸ್ಥ. ಕ್ರೈಸ್ತನಾಗಿ ಕೆಲವೇ ವರ್ಷಕ್ಕೆ ಬಿಷಪ್ ಆದ. ಹಳೇ ಪಾದ್ರಿಗಳಲ್ಲಿ ಐವರಿಗೆ ಇದು ರುಚಿಸಿರಲಿಲ್ಲ. 250ರ ಆರಂಭದಲ್ಲಿ ಆಜ್ಞೆ ಬಂದಾಗ ಅವನು ತಲೆಮರೆಸಿಕೊಂಡ. ಅವನ ಆಸ್ತಿ ಮುಟ್ಟುಗೋಲಾಯಿತು. ಅಡಗಿದ ಜಾಗದಿಂದಲೇ ಪತ್ರಗಳ ಮೂಲಕ ಸಭೆ ನಡೆಸಿದ.

ರೋಮ್‌ನಲ್ಲಿ ಬಿಷಪ್ ಫೇಬಿಯನ್ ಆ ಜನವರಿಯಲ್ಲೇ ಪ್ರಾಣ ಕೊಟ್ಟಿದ್ದ. ಅಲ್ಲಿನ ಪಾದ್ರಿಗಳಿಂದ ಕಾರ್ತೇಜಿಗೆ ಒಂದು ಪತ್ರ ಬಂತು. ಅದರಲ್ಲಿ ಒಳ್ಳೆಯ ಕುರುಬನ ಮಾತಿತ್ತು, ತೋಳ ಬಂದಾಗ ಕುರಿ ಬಿಟ್ಟು ಓಡುವ ಕೂಲಿಯಾಳಿನ ಮಾತೂ ಇತ್ತು. ಯಾರ ಬಗ್ಗೆ ಎಂದು ಬಿಡಿಸಿ ಹೇಳಬೇಕಿರಲಿಲ್ಲ. ಸಿಪ್ರಿಯನ್ ಮಾಡಿದ್ದೇನು ಗೊತ್ತೇ? ಪತ್ರವನ್ನು ವಾಪಸ್ ಕಳಿಸಿದ. ಈ ಬರವಣಿಗೆ, ಈ ಮಾತು, ಈ ಕಾಗದ ನೋಡಿದರೆ ಯಾರೋ ತಿದ್ದಿರಬಹುದು ಎಂಬ ಅನುಮಾನ, ನೀವೇ ಬರೆದದ್ದು ಹೌದೋ ಅಲ್ಲವೋ ನೋಡಿ ಹೇಳಿ ಎಂದ. ಇಷ್ಟು ನಯವಾದ ಕಪಾಳಮೋಕ್ಷ ನಾನು ಬೇರೆಲ್ಲೂ ಓದಿಲ್ಲ.

ಆದರೂ ಪ್ರಶ್ನೆ ಹೋಗಲಿಲ್ಲ. ಓಡಿಹೋದವನು ಬಿದ್ದವರನ್ನು ಹೇಗೆ ಅಳೆಯುತ್ತಾನೆ?

ಎರಡನೇ ಚೀಟಿ

ಊರಲ್ಲಿ ಉಳಿದು, ಹೌದು ನಾನು ಕ್ರೈಸ್ತ ಎಂದು ಒಪ್ಪಿ ಜೈಲು ಸೇರಿದವರಿದ್ದರು. ಇವರನ್ನು ಕನ್ಫೆಸರ್‌ಗಳು ಎನ್ನುತ್ತಿದ್ದರು. ಇವರ ಫಿದೇಸ್ ಬಗ್ಗೆ ಯಾರೂ ಎರಡು ಮಾತಾಡುವ ಹಾಗಿರಲಿಲ್ಲ. ಬಿದ್ದವರು ಜೈಲಿನ ಬಾಗಿಲಿಗೆ ಎಡತಾಕತೊಡಗಿದರು. ನಮಗೊಂದು ಮಾತು ಹೇಳಿ, ನಿಮ್ಮ ಹೆಸರಲ್ಲಿ ನಮ್ಮನ್ನು ಮತ್ತೆ ಸೇರಿಸಿಕೊಳ್ಳಲಿ. ಕನ್ಫೆಸರ್‌ಗಳು ಚೀಟಿ ಬರೆದುಕೊಟ್ಟರು. ಅದರ ಹೆಸರೂ ಲಿಬೆಲ್ಲುಸ್ಸೇ! ಸರ್ಕಾರದ ಚೀಟಿಯಿಂದ ಬಿದ್ದವನು ಜೈಲಿನ ಚೀಟಿ ಹಿಡಿದು ಏಳುತ್ತಾನೆ.

ಮಪ್ಪಾಲಿಕುಸ್ ಎಂಬ ಕನ್ಫೆಸರ್ ಚಿತ್ರಹಿಂಸೆಯಲ್ಲಿ ಸತ್ತ. ಸಾಯುವ ಮೊದಲು ಅವನು ಕೇಳಿಕೊಂಡದ್ದು ಬಿದ್ದುಹೋಗಿದ್ದ ತನ್ನ ತಾಯಿಗೆ ಮತ್ತು ತಂಗಿಗೆ ಮಾತ್ರ. ಇದಕ್ಕೆ ಸಿಪ್ರಿಯನ್ ಕೂಡ ತಲೆಬಾಗುತ್ತಾನೆ.

ಲೂಸಿಯಾನುಸ್‌ನ ದಾರಿ ಬೇರೆ. ಅವನು ಕಾರ್ತೇಜಿನ ಜೈಲಿನಲ್ಲಿದ್ದ. ಎರಡೇ ಕೋಣೆಗಳಲ್ಲಿ ತುಂಬಿ, ಅನ್ನ ನೀರು ಕೊಡದೆ, ಸೆಕೆಯಲ್ಲಿ ಕೊಲ್ಲಲು ನೋಡಿದರು ಎಂದು ಅವನೇ ಬರೆದಿದ್ದಾನೆ. ಜೊತೆಗಾರ ಪೌಲುಸ್ ಸಾಯುವ ಮೊದಲು ಅವನನ್ನು ಕರೆದು, ನಾನು ಹೋದಮೇಲೆ ಯಾರು ಬಂದು ಸಮಾಧಾನ (ಸಭೆಗೆ ಮರಳುವ ಒಪ್ಪಿಗೆ) ಕೇಳಿದರೂ ನನ್ನ ಹೆಸರಲ್ಲಿ ಕೊಟ್ಟುಬಿಡು ಎಂದನಂತೆ. ಲೂಸಿಯಾನುಸ್ ಅಕ್ಷರಶಃ ಹಾಗೇ ಮಾಡಿದ. ಔರೇಲಿಯಸ್ ಎಂಬ ಹುಡುಗನ ಹೆಸರಲ್ಲೂ ಚೀಟಿಗಳು ಹೊರಬಿದ್ದವು. ಆ ಹುಡುಗನಿಗೆ ಬರೆಯಲು ಬರುತ್ತಿರಲಿಲ್ಲ. ಎಲ್ಲ ಲೂಸಿಯಾನುಸ್‌ನ ಕೈಬರಹ. ಕೆಲವು ಚೀಟಿಗಳಲ್ಲಿ ‘ಇಂಥವನನ್ನು ಅವನ ಕಡೆಯವರ ಸಮೇತ ಸೇರಿಸಿಕೊಳ್ಳಿ’ ಎಂದಿತ್ತು. ಸಿಪ್ರಿಯನ್ ತಲೆ ಚಚ್ಚಿಕೊಂಡ. ಇಪ್ಪತ್ತು ಜನ, ಮೂವತ್ತು ಜನ ಬಂದು ನಾವೆಲ್ಲ ಅವನ ನೆಂಟರು, ಮನೆಯಾಳುಗಳು ಎಂದರೆ ಏನು ಮಾಡುವುದು? ಹೆಸರು ಬರೆಯಿರಿ, ನಿಮಗೆ ಗೊತ್ತಿರುವವರದು, ಪಶ್ಚಾತ್ತಾಪ ಪಟ್ಟದ್ದನ್ನು ನೀವು ಕಣ್ಣಾರೆ ಕಂಡವರದು ಮಾತ್ರ ಎಂದು ಬೇಡಿಕೊಂಡ. ಉತ್ತರವಾಗಿ ಕನ್ಫೆಸರ್‌ಗಳು ನಾಲ್ಕು ಸಾಲಿನ ಪತ್ರ ಕಳಿಸಿದರು. ನಾವೆಲ್ಲರೂ ಎಲ್ಲರಿಗೂ ಸಮಾಧಾನ ಕೊಟ್ಟಿದ್ದೇವೆ, ಬಿದ್ದಮೇಲೆ ಅವರು ಹೇಗಿದ್ದರು ಎಂಬುದನ್ನು ನೀವು ವಿಚಾರಿಸಿಕೊಳ್ಳಿ, ಉಳಿದ ಬಿಷಪರಿಗೂ ತಿಳಿಸಿ. ಕೆಲವು ಊರುಗಳಲ್ಲಿ ಜನ ಗುಂಪುಕಟ್ಟಿ ಬಂದು, ಈಗಲೇ ಒಳಗೆ ಬಿಡಿ ಎಂದು ಪಾದ್ರಿಗಳ ಮೇಲೆ ಬಿದ್ದರು.

ಲೂಸಿಯಾನುಸ್‌ನನ್ನು ಬೈಯುವುದು ಸುಲಭ. ಓದು ಕಡಿಮೆ, ಉರಿ ಜಾಸ್ತಿ ಎಂಬ ಅರ್ಥದಲ್ಲಿ ಸಿಪ್ರಿಯನ್ ಅವನನ್ನು ಬೈದೂ ಇದ್ದಾನೆ. ನನಗೆ ಮಾತ್ರ ಅವನ ಮೇಲೆ ಕೋಪ ಬರುವುದಿಲ್ಲ. ಸಾಯುವ ಗೆಳೆಯನಿಗೆ ಮಾತು ಕೊಟ್ಟಿದ್ದ, ನಡೆಸಿದ. ಅದೂ ಫಿದೇಸೇ. ತೊಂದರೆ ಇದ್ದದ್ದು ಬೇರೆ ಕಡೆ. ಒಬ್ಬನ ಮೇಲಿನ ಭರವಸೆಯನ್ನು ಕಾಗದದ ಮೇಲೆ ಇನ್ನೊಬ್ಬನಿಗೆ ವರ್ಗಾಯಿಸಬಹುದೇ? ಪೌಲುಸ್ ಗಟ್ಟಿಗ, ಸರಿ. ಪೌಲುಸ್ ಹೆಸರಿನ ಚೀಟಿ ಹಿಡಿದು ನಿಂತವನು ನಾಳೆ ಹೇಗೆ ನಡೆದುಕೊಳ್ಳುತ್ತಾನೆ ಎಂದು ಆ ಚೀಟಿ ಹೇಳುತ್ತದೆಯೇ?

ಲೂಸಿಯಾನುಸ್‌ಗೆ ಬಂದ ಒಂದು ಕೋರಿಕೆ ಪತ್ರ ಉಳಿದಿದೆ. ಅದನ್ನು ಓದಿದರೆ ಈ ಜಗಳದಲ್ಲಿ ಯಾವ ಕಡೆ ನಿಲ್ಲುವುದೂ ಕಷ್ಟ. ಬರೆದವನು ರೋಮ್‌ನಲ್ಲಿದ್ದ ಕೆಲೆರಿನುಸ್. ಅವನೂ ಕನ್ಫೆಸರ್, 19 ದಿನ ಕಾಲಿಗೆ ಕೊಳ ಹಾಕಿಸಿಕೊಂಡು ಕೂತವನು. ಅವನಿಗೆ ಬೇಕಾದ ಇಬ್ಬರು ಸಹೋದರಿಯರು ಬಿದ್ದುಹೋಗಿದ್ದರು. ಒಬ್ಬಳು ಬಲಿ ಕೊಟ್ಟಿದ್ದಳು. ಇನ್ನೊಬ್ಬಳು ದುಡ್ಡು ಕೊಟ್ಟು ತಪ್ಪಿಸಿಕೊಂಡಿದ್ದಳು. ಬಲಿಯ ಜಾಗದ ಕಡೆ ಹತ್ತುತ್ತ, ಮೂರು ವಿಧಿದೇವತೆಯರ ಮೂರ್ತಿ ಇದ್ದ ಕಡೆಯವರೆಗೆ ಹೋಗಿ ಇಳಿದು ಬಂದಿದ್ದಳು. ಆ ವರ್ಷದ ಈಸ್ಟರ್ ಹಬ್ಬದಲ್ಲಿ ಹಗಲೂ ರಾತ್ರಿ ಅತ್ತೆ ಎಂದು ಕೆಲೆರಿನುಸ್ ಬರೆಯುತ್ತಾನೆ. ಆಮೇಲೆ ಮೆತ್ತಗೆ ಒಂದು ಮಾತು ಸೇರಿಸುತ್ತಾನೆ: ಆಫ್ರಿಕಾದಿಂದ ಗಡೀಪಾರಾಗಿ ಹಡಗಿನಲ್ಲಿ ಬಂದವರನ್ನು ಎದುರುಗೊಳ್ಳಲು ಬಂದರಿಗೆ ಹೋದವರು ಇವರೇ. ಅರವತ್ತೈದು ಜನ. ಊರಿಗೆ ಕರೆತಂದು, ಇವತ್ತಿನವರೆಗೂ ಎಲ್ಲರ ಆರೈಕೆ ಮಾಡುತ್ತಿದ್ದಾರೆ. ಎಲ್ಲರೂ ಇವರ ಹತ್ತಿರವೇ ಇದ್ದಾರೆ.

ಸಭೆಯಿಂದ ಹೊರಗೆ ನಿಂತವರ ಹತ್ತಿರ ಸಭೆಯ ವೀರರು ಊಟ ಮಾಡುತ್ತಿದ್ದಾರೆ! ಹೀಗಿರುವಾಗ ಯಾರು ನಂಬಿಗಸ್ತರು?

ತೀರ್ಪು

251ರ ಈಸ್ಟರ್ ಆದಮೇಲೆ ಸಿಪ್ರಿಯನ್ ಊರಿಗೆ ಮರಳಿದ. ಆಫ್ರಿಕಾದ ಬಿಷಪರು ಕಾರ್ತೇಜಿನಲ್ಲಿ ಸೇರಿದರು. ಜೂನ್ ಹೊತ್ತಿಗೆ ಡೇಸಿಯಸ್ ಗೋಥರ ಎದುರು ಯುದ್ಧದಲ್ಲಿ ಸತ್ತ. ಅಬ್ರಿಟ್ಟುಸ್ ಎಂಬಲ್ಲಿ, ಈಗಿನ ಬಲ್ಗೇರಿಯಾದಲ್ಲಿ. ಅವನ ಚೀಟಿಗಳು ಅವನಿಗೇ ಉಪಯೋಗಕ್ಕೆ ಬರಲಿಲ್ಲ.

ಬಿಷಪರ ತೀರ್ಮಾನ ಇದು: ಒಂದೇ ಅಳತೆ ಬೇಡ, ಒಬ್ಬೊಬ್ಬರ ಕತೆ ಕೇಳೋಣ. ಚೀಟಿ ಕೊಂಡವರನ್ನು ವಿಚಾರಿಸಿ ಸೇರಿಸಿಕೊಳ್ಳುವುದು. ಬಲಿ ಕೊಟ್ಟವರು ಪಶ್ಚಾತ್ತಾಪದ ದಾರಿಯಲ್ಲಿರಬೇಕು, ಸಾಯುವ ಹೊತ್ತಿನಲ್ಲಿ ಅವರಿಗೆ ಬಾಗಿಲು ತೆರೆಯುವುದು. ಇದನ್ನು ಸಮರ್ಥಿಸಿ ಸಿಪ್ರಿಯನ್ ಬರೆದ ಪತ್ರದಲ್ಲಿ ಹಿಂದಿನ ಬಿರುಸಿಲ್ಲ. ಕರೆದ ಕೂಡಲೇ ಹಾರಿ ಹೋಗಿ ಬಲಿ ಕೊಟ್ಟವನೂ, ಬಹಳ ಹೊತ್ತು ಹೋರಾಡಿ ಸೋತವನೂ ಒಂದೇ ಅಲ್ಲ ಎನ್ನುತ್ತಾನೆ. ಮನೆಮಂದಿಯನ್ನೆಲ್ಲ ಎಳೆದುಕೊಂಡು ಹೋದವನೂ, ತಾನೊಬ್ಬನೇ ಹೋಗಿ ಹೆಂಡತಿ ಮಕ್ಕಳನ್ನೂ ಮನೆಯಲ್ಲಿ ಆಶ್ರಯ ಪಡೆದವರನ್ನೂ ಉಳಿಸಿದವನೂ ಒಂದೇ ಅಲ್ಲ ಎನ್ನುತ್ತಾನೆ. ಒಂದು ವರ್ಷ ಅವಿತು ಕೂತದ್ದು ಅವನಿಗೂ ಏನೋ ಕಲಿಸಿರಬೇಕು. ಬಾಗಿಲ ಬೀಗದಕೈ ಕನ್ಫೆಸರ್‌ಗಳ ಕೈಯಿಂದ ಬಿಷಪರ ಕೈಗೆ ಬಂತು ಅನ್ನುವುದನ್ನೂ ಹೇಳಲೇಬೇಕು. ಅಧಿಕಾರದ ಲೆಕ್ಕದಲ್ಲಿ ಈ ಪ್ರಕರಣದಲ್ಲಿ ಗೆದ್ದದ್ದು ಅವರೇ.

ಮುಂದೆ ಮತ್ತೊಂದು ಹಿಂಸೆಯ ಸುಳಿವು ಸಿಕ್ಕಾಗ 42 ಬಿಷಪರು ಸೇರಿ ಪಶ್ಚಾತ್ತಾಪದಲ್ಲಿ ಉಳಿದಿದ್ದ ಎಲ್ಲರನ್ನೂ ಒಳಗೆ ಕರೆದರು. ಅವರು ಕೊಟ್ಟ ಕಾರಣ ನೇರವಾಗಿದೆ. ಕ್ರಿಸ್ತನ ರಕ್ತದ ಬಟ್ಟಲನ್ನು, ಅಂದರೆ ಆರಾಧನೆಯಲ್ಲಿ ಹಂಚುವ ದ್ರಾಕ್ಷಾರಸವನ್ನು, ಕೊಡದೆ ನಿಮ್ಮ ರಕ್ತ ಸುರಿಸಿ ಎಂದು ಇವರಿಗೆ ಹೇಗೆ ಹೇಳುವುದು? ಅಂದರೆ ಮೊದಲು ನಂಬಿಗಸ್ತನಾಗಿ ತೋರಿಸು, ಆಮೇಲೆ ನಂಬುತ್ತೇವೆ ಎಂಬ ಲೆಕ್ಕವನ್ನೇ ತಿರುಗಿಸಿದರು. ಮೊದಲು ನಾವು ನಂಬುತ್ತೇವೆ. ಕೆಲಸಕ್ಕೆ ಹೊಸ ಹುಡುಗನನ್ನು ಸೇರಿಸಿಕೊಂಡ ದಿನವೇ ಗಲ್ಲಾಪೆಟ್ಟಿಗೆಯ ಕೀಲಿ ಕೊಡುವ ಯಜಮಾನರಿರುತ್ತಾರಲ್ಲ, ಹಾಗೆ.

ಒಪ್ಪದವರಿದ್ದರು. ರೋಮ್‌ನಲ್ಲಿ ನೊವಾಶಿಯನ್ ಎಂಬ ಪಂಡಿತ ಪಾದ್ರಿ, ಬಿದ್ದವರಿಗೆ ದೇವರು ಕ್ಷಮಿಸಿದರೆ ಕ್ಷಮಿಸಲಿ, ಸಭೆಗೆ ಆ ಹಕ್ಕಿಲ್ಲ ಎಂದು ಪಟ್ಟು ಹಿಡಿದ. ಕೊರ್ನೇಲಿಯಸ್‌ಗೆ ಎದುರಾಗಿ ತಾನೇ ಬಿಷಪ್ ಆದ. ಕೊರ್ನೇಲಿಯಸ್ ಹೇಳುವ ಪ್ರಕಾರ, ನೊವಾಶಿಯನ್ ಪ್ರಭುಭೋಜನದ (ಯೇಸುವಿನ ಕೊನೆಯ ಊಟದ ನೆನಪಿನ ಆರಾಧನೆಯ) ರೊಟ್ಟಿ ಹಂಚುವಾಗ ಪಡೆಯುವವರ ಕೈಗಳನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ‘ಕೊರ್ನೇಲಿಯಸ್ ಕಡೆ ಹೋಗುವುದಿಲ್ಲ’ ಎಂದು ಆಣೆ ಹಾಕಿಸಿಕೊಂಡೇ ಬಿಡುತ್ತಿದ್ದನಂತೆ. ಎದುರಾಳಿ ಬರೆದದ್ದು, ಉಪ್ಪುಖಾರ ಸೇರಿರಬಹುದು. ಆದರೂ ಮತ್ತೆ ಹಿಡಿದ ಕೈ ನೋಡಿ! ನೊವಾಶಿಯನ್‌ನ ಪಂಗಡ ಶತಮಾನಗಟ್ಟಲೆ ಬದುಕಿತು. 325ರಲ್ಲಿ ನೈಸೀಯಾ ಊರಿನಲ್ಲಿ ಸೇರಿದ ಬಿಷಪರ ಮಹಾಸಭೆಗೆ ಬಂದಿದ್ದ ಅವರ ಬಿಷಪ್ ಅಕೇಸಿಯಸ್‌ನ ಕಟ್ಟುನಿಟ್ಟಿನ ಮಾತು ಕೇಳಿ ಚಕ್ರವರ್ತಿ ಕಾನ್‌ಸ್ಟಂಟೈನ್, ಹಾಗಾದರೆ ಒಂದು ಏಣಿ ಹಾಕಿಕೊಂಡು ನೀನೊಬ್ಬನೇ ಸ್ವರ್ಗಕ್ಕೆ ಹತ್ತಿಕೋ ಎಂದನಂತೆ. ಐದನೇ ಶತಮಾನದ ಇತಿಹಾಸಕಾರನೊಬ್ಬ ಹೇಳುವ ಕತೆ ಇದು.

ಸಿಪ್ರಿಯನ್ ಎರಡನೇ ಸಲ ಓಡಲಿಲ್ಲ. 258ರ ಸೆಪ್ಟೆಂಬರ್ 14ರಂದು ಕಾರ್ತೇಜಿನಲ್ಲೇ ಅವನ ತಲೆ ಕತ್ತರಿಸಿದರು. ಅದಕ್ಕೆ ಮೊದಲು ಮೊಣಕಾಲೂರಿ ಪ್ರಾರ್ಥಿಸಿ, ಕತ್ತರಿಸುವವನಿಗೆ 25 ಚಿನ್ನದ ನಾಣ್ಯ ಕೊಡಿ ಎಂದು ತನ್ನವರಿಗೆ ಹೇಳಿದ.

ಮತ್ತೆ ಆ ಜಗಳದ ಕಾಲಕ್ಕೇ ಮರಳೋಣ. ನೊವಾಶಿಯನ್ ಕಡೆಗೆ ವಾಲುತ್ತಿದ್ದ ಒಬ್ಬ ಬಿಷಪ್ ಸಿರಿಯಾದ ಅಂತಿಯೋಕ್ಯ ನಗರದಲ್ಲಿದ್ದ, ಫೇಬಿಯಸ್ ಎಂದು ಹೆಸರು. ಅವನ ಮನಸ್ಸು ತಿರುಗಿಸಲು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಿಷಪ್ ಡಯೋನಿಸಿಯಸ್ ಒಂದು ಪತ್ರ ಬರೆದ. ಅದರಲ್ಲಿ ವಾದಕ್ಕೆ ಬದಲು ತನ್ನ ಊರಲ್ಲಿ ನಡೆದದ್ದೊಂದನ್ನು ಹೇಳಿದ. ಸೆರಾಪಿಯೋನ್ ಎಂಬ ಮುದುಕ, ಬಹುಕಾಲ ಒಳ್ಳೆಯವನಾಗಿ ಬಾಳಿದವನು, ಡೇಸಿಯಸ್‌ನ ಆಜ್ಞೆ ಬಂದಾಗ ಬಲಿ ಕೊಟ್ಟುಬಿಟ್ಟ. ಎಷ್ಟೋ ಸಲ ಬೇಡಿಕೊಂಡ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಯಿಲೆ ಬಿದ್ದ. ಮೂರು ದಿನ ಮಾತಿಲ್ಲ, ಪ್ರಜ್ಞೆಯಿಲ್ಲ. ನಾಲ್ಕನೇ ದಿನ ಕಣ್ಣು ಬಿಟ್ಟು ಮಗಳ ಮಗನನ್ನು ಕರೆದ. ಇನ್ನೆಷ್ಟು ದಿನ ನನ್ನನ್ನು ಹಿಡಿದಿಡುತ್ತೀರಿ ಮಗು, ಹೋಗಿ ಪಾದ್ರಿಯನ್ನು ಕರೆದುಕೊಂಡು ಬಾ.

ಹುಡುಗ ಓಡಿದ. ರಾತ್ರಿಯಾಗಿತ್ತು. ಪಾದ್ರಿಗೂ ಮೈ ಸರಿಯಿಲ್ಲ, ಏಳಲಾಗಲಿಲ್ಲ. ಸಾಯುವವರು ಕೇಳಿದರೆ ಇಲ್ಲವೆನ್ನಬೇಡಿ ಎಂದು ಡಯೋನಿಸಿಯಸ್ ಮೊದಲೇ ಹೇಳಿಟ್ಟಿದ್ದ. ಪಾದ್ರಿ ಪ್ರಭುಭೋಜನದ ರೊಟ್ಟಿಯ ಚೂರೊಂದನ್ನು ಹುಡುಗನ ಕೈಗೇ ಕೊಟ್ಟ. ನೆನೆಸಿ ತಾತನ ಬಾಯಿಗೆ ಬಿಡು ಎಂದ. ಹುಡುಗ ಮನೆ ಹೊಕ್ಕುವ ಮೊದಲೇ ಮುದುಕನಿಗೆ ಮತ್ತೆ ಎಚ್ಚರವಾಗಿತ್ತು. ಬಂದೆಯಾ ಮಗು, ಅವರಿಗೆ ಬರಲಾಗಲಿಲ್ಲ ಅಲ್ವಾ, ಹೇಳಿದ್ದನ್ನು ಬೇಗ ಮಾಡು, ನನ್ನನ್ನು ಕಳಿಸಿಕೊಡು ಎಂದ. ಹುಡುಗ ರೊಟ್ಟಿ ನೆನೆಸಿದ. ಬಾಯಿಗೆ ಬಿಟ್ಟ. ಮುದುಕ ಸ್ವಲ್ಪ ನುಂಗಿದ, ಕೂಡಲೇ ಉಸಿರು ಬಿಟ್ಟ.